ಕಟ್ಟುಕಥೆಗೂ ಸಾಕ್ಷಿ ಬೇಕೆ?

ಮನಸ್ಸಿಗೆ ಹಿಡಿಸಿದ ಕಥೆಯನ್ನು ಕೇಳಿದ ಬಳಿಕ ಮನುಷ್ಯನು ಸುಮ್ಮನಿರಲಾರನು. ಮಹಾಭಾರತವನ್ನು ಕೇಳಿದವನು ಪಾಂಡವರೈವರ ಶಂಖಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತಾನೆ. ರಾತ್ರಿ ಬಯಲಾಟವನ್ನು ನೋಡಿದವನು ಮರುದಿನ ಕಟ್ಟೆಯ ಮೇಲೆ ಕುಳಿತು, ಯಾವ ಪಾತ್ರಧಾರಿ ಯಾವ ಮಾತನ್ನು ನುಂಗಿದನೆಂದು ಲೆಕ್ಕ ಹಾಕುತ್ತಾನೆ. ಪ್ರೀತಿಯ ಕಥೆಯ ಒಂದು ವಿವರವೂ ಚೆಲ್ಲಿಹೋಗಬಾರದೆಂಬ ಆಸೆ ಎಲ್ಲ ಜನಗಳಲ್ಲಿಯೂ ಉಂಟು. ಈ ಆಸೆಯು ಅಮೆರಿಕದ ಒಂದು ವೈಜ್ಞಾನಿಕ ಕಥಾಮಾಲೆಯ ಸುತ್ತ ಬೆಳೆದು, ಸಾವಿರಾರು ಕೈಗಳಿಂದ ಒಂದು ದೊಡ್ಡ ಕೋಶವಾಗಿ ನಿಂತ ಬಗೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಆ ಕಥಾಮಾಲೆಯ ಹೆಸರು ‘ಸ್ಟಾರ್ ಟ್ರೆಕ್’. ಮುಂದಿನ ಶತಮಾನಗಳಲ್ಲಿ ‘ಎಂಟರ್‌ಪ್ರೈಸ್’ ಎಂಬ ಆಕಾಶನೌಕೆಯು ನಕ್ಷತ್ರಗಳ ನಡುವೆ ಸಂಚರಿಸುವ ಕಥೆ ಅದು. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲಾಗಿ, 1969ರಲ್ಲಿ 79 ಕಂತುಗಳೊಂದಿಗೆ ನಿಂತಿತು. ಬಳಿಕ ಅದೇ ಲೋಕವನ್ನು ಕುರಿತು ಚಲನಚಿತ್ರಗಳೂ ಹೊಸ ಮಾಲೆಗಳೂ ಹುಟ್ಟಿದವು.

ನಾನು ಅದನ್ನು ನೋಡತೊಡಗಿದ್ದು ಕಥೆಗಾಗಿಯಲ್ಲ, ಇಂಗ್ಲಿಷಿಗಾಗಿ. ಹತ್ತನೆಯ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿಯೇ ಓದಿ ಮುಂಬಯಿಗೆ ಬಂದವನು ನಾನು. ಪಾತ್ರಗಳ ಮಾತು ಪರದೆಯ ಕೆಳಗೆ ಅಕ್ಷರಗಳಲ್ಲಿ ಮೂಡುತ್ತಿತ್ತು. ಅರಿಯದ ಪದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ದಿನ ಕಳೆದಂತೆ ಆ ಪುಸ್ತಕದಲ್ಲಿ ಪದಗಳಿಗಿಂತ ಹೆಚ್ಚಾಗಿ ಗ್ರಹಗಳ ಹೆಸರುಗಳೂ, ನೌಕೆಯ ಅಧಿಕಾರಿಗಳ ಹುದ್ದೆಗಳೂ, ಯಂತ್ರಗಳ ವಿವರಗಳೂ ತುಂಬಿದವು. ಈ ಹುಚ್ಚು ನನ್ನೊಬ್ಬನದಲ್ಲ, ನನಗಿಂತ ನಾಲ್ಕು ದಶಕಗಳ ಹಿಂದೆಯೇ ಇತರರು ಇದನ್ನು ಶಿಸ್ತಿನ ಕೆಲಸವನ್ನಾಗಿ ಮಾಡಿದ್ದರೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೂಲಮಾಲೆಯು ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಡೊರೊತಿ ಜೋನ್ಸ್ ಎಂಬ ಪ್ರೇಕ್ಷಕಿ ಅದರ ವಿವರಗಳನ್ನು ಸಂಗ್ರಹಿಸತೊಡಗಿದ್ದರು. ಆ ಸಂಗ್ರಹದ ಆಧಾರದ ಮೇಲೆ ಬಿಜೊ ಟ್ರಿಂಬಲ್ ಎಂಬಾಕೆ 1969ರಲ್ಲಿ ‘ಸ್ಟಾರ್ ಟ್ರೆಕ್ ಕನ್ಕಾರ್ಡೆನ್ಸ್’ ಎಂಬ ಪದಸೂಚಿಯನ್ನು ಹೊರತಂದರು. ಮಾಲೆಯು ಎರಡನೆಯ ವರ್ಷದಲ್ಲಿಯೇ ನಿಂತುಹೋಗುವ ಭಯವಿದ್ದಾಗ, ಅದನ್ನುಳಿಸಲು ಪ್ರೇಕ್ಷಕರಿಂದ ರಾಶಿರಾಶಿ ಪತ್ರಗಳನ್ನು ಬರೆಯಿಸಿದವರೂ ಇದೇ ಟ್ರಿಂಬಲ್ ದಂಪತಿಗಳು. ಆ ದಿನಗಳಲ್ಲಿ ಕಂತನ್ನು ಮನೆಯಲ್ಲಿ ಮತ್ತೆ ತಿರುಗಿಸಿ ನೋಡುವ ಅನುಕೂಲವಿರಲಿಲ್ಲ. ತಪ್ಪಿಹೋದ ಮಾತನ್ನು ಪುನಃ ಕೇಳಬೇಕಾದರೆ ಮರುಪ್ರಸಾರದವರೆಗೆ ಕಾಯಬೇಕು. ಅಂತಹ ಕಾಲದಲ್ಲಿ ಅಭಿಮಾನಿಗಳು ತಾವೇ ಅಚ್ಚು ಮಾಡಿ ಹಂಚಿದ ಆ ಪದಸೂಚಿಯನ್ನು 1976ರಲ್ಲಿ ಒಂದು ದೊಡ್ಡ ಪ್ರಕಾಶನ ಸಂಸ್ಥೆಯು ಪುಸ್ತಕವಾಗಿ ಪ್ರಕಟಿಸಿತು.

ಮುದ್ರಿತ ಪುಸ್ತಕಕ್ಕೆ ಒಂದು ಮಿತಿಯುಂಟು. ಅದು ಮುದ್ರಣವಾದ ದಿನವೇ ಹಳತಾಗತೊಡಗುತ್ತದೆ. ಇಂಟರ್ನೆಟ್ಟು ಬಂದ ಮೇಲೆ ಈ ಮಿತಿ ತಪ್ಪಿತು. ಯಾರು ಬೇಕಾದರೂ ತಿದ್ದಬಹುದಾದ, ಆದರೆ ಪ್ರತಿಯೊಂದು ತಿದ್ದುಪಡಿಯ ದಾಖಲೆಯೂ ಉಳಿಯುವಂತಹ ಒಂದು ಕೋಶವನ್ನು ಇಬ್ಬರು ಅಭಿಮಾನಿಗಳು 2003ರಲ್ಲಿ ಆರಂಭಿಸಿ, ಅದಕ್ಕೆ ‘ಮೆಮೊರಿ ಆಲ್ಫಾ’ ಎಂದು ಹೆಸರಿಟ್ಟರು. ನಮ್ಮ ಕನ್ನಡ ವಿಕಿಪೀಡಿಯವೂ ಅದೇ ವರ್ಷ ಹುಟ್ಟಿದ್ದು, ಎರಡರ ರಚನೆಯೂ ಒಂದೇ ಬಗೆಯದು.

ಈ ಹೆಸರಿನ ಹಿಂದೆಯೂ ಒಂದು ಕಥೆಯಿದೆ. 1969ರ ಒಂದು ಕಂತಿನಲ್ಲಿ ಅನೇಕ ಲೋಕಗಳ ಜ್ಞಾನವನ್ನೆಲ್ಲ ಕೂಡಿಟ್ಟ ಗ್ರಂಥಾಲಯವೊಂದು ಬರುತ್ತದೆ. ಅದೇ ಮೆಮೊರಿ ಆಲ್ಫಾ. ಅಲ್ಲಿರುವುದು ಬರಿಯ ವಿದ್ಯೆ, ಅದು ಎಲ್ಲರಿಗೂ ತೆರೆದದ್ದು. ಆದಕಾರಣ ರಕ್ಷಣೆಯ ಕವಚ ಬೇಡವೆಂದು ಕಟ್ಟಿದವರು ಬಗೆದಿದ್ದರು. ಕಥೆಯಲ್ಲಿ ಅದರ ಮೇಲೆ ಆಘಾತವಾಗಿ ಜ್ಞಾನಭಂಡಾರ ಹಾಳಾಗುತ್ತದೆ. ನಾಶವಾದ ಗ್ರಂಥಾಲಯದ ಹೆಸರನ್ನು ಹೊಸ ಕೋಶಕ್ಕೆ ಇಟ್ಟುದರಲ್ಲಿ ಒಂದು ಹಟವಿದೆಯೆಂದು ನನಗೆ ತೋರುತ್ತದೆ.

ಎಲ್ಲರೂ ಬರೆಯಬಹುದಾದರೆ ಕಾಡುಹರಟೆ ಸೇರದೆ ಇರುವುದು ಹೇಗೆ? ಅದಕ್ಕೆ ಆ ಕೋಶದವರು ನಿಯಮಗಳನ್ನು ಮಾಡಿಕೊಂಡಿದ್ದಾರೆ. ಬರೆದ ವಿಷಯವು ಯಾವ ಕಂತಿನಲ್ಲಿ ಇಲ್ಲವೆ ಚಿತ್ರದಲ್ಲಿ ಬಂದಿತೆಂಬುದನ್ನು ಅಲ್ಲಿಯೇ ಹೇಳಬೇಕು. ಕಥಾಲೋಕದ ಸಂಗತಿಯೆಂದು ಒಪ್ಪುವುದು ಪರದೆಯ ಮೇಲೆ ಬಂದುದನ್ನು ಮಾತ್ರ. ಕಾದಂಬರಿಗಳಲ್ಲಿ ಬೆಳೆದ ಕಥೆಗಳಿಗೆ ‘ಮೆಮೊರಿ ಬೀಟಾ’ ಎಂಬ ಬೇರೆ ಕೋಶವುಂಟು. ಹೀಗಿರಬಹುದೆಂಬ ಸ್ವಂತ ಊಹೆಗೆ ಸ್ಥಳವಿಲ್ಲ. ಭಿನ್ನಾಭಿಪ್ರಾಯ ಬಂದರೆ ಲೇಖನದ ಪಕ್ಕದ ಚರ್ಚೆಯ ಪುಟದಲ್ಲಿ ವಾದಿಸಬೇಕು.

ಕಳೆದ ವರ್ಷ ಎಂಟನೆಯ ತರಗತಿಯ ಕೆಲವು ಮಕ್ಕಳೊಡನೆ ನಾನು ಇದೇ ಕ್ರಮವನ್ನು ಪರೀಕ್ಷಿಸಿ ನೋಡಿದೆ. ಬೂಟಿನ ಖಾಲಿ ಪೆಟ್ಟಿಗೆಯೊಂದನ್ನು ತಂದು, ರಟ್ಟಿನ ಚೀಟಿಗಳನ್ನು ಕತ್ತರಿಸಿ, ಮೂಲಮಾಲೆಯ ಕೆಲವು ಕಂತುಗಳಿಗೆ ಕನ್ನಡದಲ್ಲಿ ಒಂದು ಪುಟ್ಟ ಸೂಚಿಯನ್ನು ಮಾಡಹೊರಟೆವು. ಮೂರನೆಯ ಶನಿವಾರವೇ ಜಗಳ ಹತ್ತಿತು. ನಾಯಕನ ಹೆಸರು ‘ಜೇಮ್ಸ್ ಟಿ. ಕರ್ಕ್’ ಎಂದು ಒಬ್ಬ ಹುಡುಗನು ಬರೆದನು. ಇನ್ನೊಬ್ಬನು ‘ಜೇಮ್ಸ್ ಆರ್. ಕರ್ಕ್’ ಎಂದನು. ನೋಡಿದರೆ ಇಬ್ಬರದೂ ನಿಜ! 1966ರ ಒಂದು ಆರಂಭದ ಕಂತಿನಲ್ಲಿ ಗೋರಿಕಲ್ಲಿನ ಮೇಲೆ ‘ಆರ್.’ ಎಂದೇ ಕೆತ್ತಿದೆ. ಮುಂದಿನ ಕಂತುಗಳಲ್ಲಿ ಅದು ‘ಟಿ.’ ಆಗಿದೆ. ಒಂದನ್ನು ಹರಿದುಹಾಕೋಣವೇ ಎಂದು ಮಕ್ಕಳು ಕೇಳಿದರು. ಹರಿಯಲಿಲ್ಲ. ‘ಟಿ.’ ಎಂಬುದನ್ನು ಮುಖ್ಯ ಚೀಟಿಯಲ್ಲಿಟ್ಟು, ‘ಆರ್.’ ಎಂದು ಎಲ್ಲಿ ಬಂದಿದೆಯೆಂಬುದನ್ನು ಅದರ ಹಿಂಬದಿಯಲ್ಲಿ ಬರೆದೆವು. ಸಾಕ್ಷಿಗಳು ಒಂದಕ್ಕೊಂದು ವಿರುದ್ಧವಾದಾಗ ಎರಡನ್ನೂ ಮುಚ್ಚಿಡದೆ ತೋರಿಸುವುದೇ ಪ್ರಾಮಾಣಿಕತೆ.

ಆಗ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. “ಸರ್, ಈ ಕಥೆಯೇ ಸುಳ್ಳಲ್ಲವೇ? ಸುಳ್ಳಿಗೆ ಇಷ್ಟೊಂದು ಸಾಕ್ಷಿ ಏಕೆ?”

ಆ ಹುಡುಗಿಗೂ ನಿಮಗೂ ನನ್ನ ಉತ್ತರವಿದು. ಕಥೆ ಕಲ್ಪಿತವಿರಬಹುದು, ಆದರೆ ಕಥೆಯಲ್ಲಿ ಏನು ಹೇಳಿದೆಯೆಂಬುದು ಕಲ್ಪಿತವಲ್ಲ. ಅದು ನಿಜವಾದ ಸಂಗತಿ. ಅದನ್ನು ಸರಿಯಾಗಿಯೂ ಹೇಳಬಹುದು, ತಪ್ಪಾಗಿಯೂ ಹೇಳಬಹುದು. ಹಣವಿಲ್ಲದ, ಅಂಕವಿಲ್ಲದ ಇಂತಹ ಕೆಲಸದಲ್ಲಿಯೂ “ಎಲ್ಲಿ ಕಂಡೆ?” ಎಂದು ಕೇಳಿಸಿಕೊಂಡು ಉತ್ತರ ಕೊಡುವ ಅಭ್ಯಾಸ ಮಾಡಿದವನು, ಹೆಚ್ಚಿನ ಕೆಲಸ ಕೈಗೆ ಬಂದಾಗ ಎಡವುವುದು ಕಡಿಮೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿಯೇ ಇದೆಯಲ್ಲವೆ?

ಅಭಿಮಾನವಿರುವಲ್ಲಿಯೇ ಈ ಅಭ್ಯಾಸ ಹೆಚ್ಚು ಅಗತ್ಯ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಸಂಸ್ಥೆಯು ಜಗತ್ತಿನಲ್ಲಿಯೇ ಅತ್ಯುತ್ತಮವೆಂದು ಸಾರಿತೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿದ್ದನ್ನು ನೀವೂ ಕಂಡಿರಬಹುದು. ಅಂತಹ ಘೋಷಣೆಯೇ ಆಗಿಲ್ಲ. ಆ ಗೀತೆಯ ಹಿರಿಮೆಗೆ ಸುಳ್ಳಿನ ಊರುಗೋಲು ಬೇಕಿರಲಿಲ್ಲ. ಕನ್ನಡದ ಹೆಮ್ಮೆಯ ಮಾತೂ ಹಾಗೆಯೇ. ಊರಿನಿಂದ ದೂರವಿರುವ ನಮಗೆ ನುಡಿಯ ಮೇಲಿನ ಮಮತೆ ಸಹಜವಾಗಿಯೇ ಹೆಚ್ಚು. ಆದಕಾರಣ ಬಂದ ಹೊಗಳಿಕೆಯನ್ನೆಲ್ಲ ನಂಬುವ ಆತುರವೂ ಹೆಚ್ಚು. ನುಡಿಯನ್ನು ನಿಜವಾಗಿ ಪ್ರೀತಿಸಿದವರು ಏನು ಮಾಡಿದರೆಂಬುದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟನ್ನು ನೋಡಿರಿ. ಮೊದಲನೆಯ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಬಂದಿತು. ಪದದ ಅರ್ಥವನ್ನು ಹೇಳಿ ಬಿಡದೆ, ಅದು ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಬಳಕೆಯಾಗಿದೆಯೆಂಬ ಪ್ರಯೋಗವನ್ನೂ ಅಲ್ಲಿ ಕೊಟ್ಟಿದ್ದಾರೆ. ಟ್ರಿಂಬಲ್ ಅವರ ಪದಸೂಚಿಗೂ ನಮ್ಮ ನಿಘಂಟಿಗೂ ಗಾತ್ರದಲ್ಲಿ ಅಜಗಜಾಂತರವಿದ್ದರೂ, “ಎಲ್ಲಿ ಕಂಡೆ?” ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಇನ್ನೊಂದು ಮಾತು. ಮೆಮೊರಿ ಆಲ್ಫಾಕ್ಕೆ ಜರ್ಮನ್, ಡಚ್, ಫ್ರೆಂಚ್ ಮುಂತಾದ ಭಾಷೆಗಳಲ್ಲಿಯೂ ಕೋಶಗಳುಂಟು. ಅಮೆರಿಕದ ಕಥೆಯನ್ನು ಅವರು ತಮ್ಮ ನುಡಿಯಲ್ಲಿ ತಾವೇ ಬರೆದುಕೊಂಡರು; ಯಾರಾದರೂ ಬಂದು ಬರೆದುಕೊಡಲೆಂದು ಕಾಯಲಿಲ್ಲ. ವಿಜ್ಞಾನವೂ ವೈಜ್ಞಾನಿಕ ಕಥೆಯೂ ಇಂಗ್ಲಿಷ್ ಶಾಲೆಯ ಮಕ್ಕಳ ಸ್ವತ್ತು, ನಾವು ಹೊರಗೆ ನಿಂತು ನೋಡುವವರು ಎಂದು ನಿಮ್ಮಲ್ಲಿ ಕೆಲವರು ಭಾವಿಸಿರುವುದನ್ನು ನಾನು ಬಲ್ಲೆ. ನಾನೂ ಅದೇ ಭಾವನೆಯನ್ನು ಹೊತ್ತು ಈ ನಗರಕ್ಕೆ ಬಂದವನು. ಅದನ್ನು ಕಳೆದದ್ದು ಯಾವ ಉಪನ್ಯಾಸವೂ ಅಲ್ಲ, ಆ ರಟ್ಟಿನ ಚೀಟಿಗಳು. ಸರಿಯಾದ ಒಂದು ಚೀಟಿಯನ್ನು ಬರೆದವನು ನೋಡುವವರ ಗುಂಪನ್ನು ಬಿಟ್ಟು ಮಾಡುವವರ ಗುಂಪಿಗೆ ಸೇರುತ್ತಾನೆ. ಅವನು ಕನ್ನಡದಲ್ಲಿ ಬರೆದನೋ ಇಂಗ್ಲಿಷಿನಲ್ಲಿ ಬರೆದನೋ ಎಂದು ಸತ್ಯವು ಕೇಳುವುದಿಲ್ಲ.

ನಮ್ಮ ಪೆಟ್ಟಿಗೆ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿದೆ. ಈವರೆಗೆ ಹನ್ನೊಂದು ಕಂತುಗಳು ಮುಗಿದಿವೆ, ಅರುವತ್ತೆಂಟು ಉಳಿದಿವೆ. ಖಾಲಿ ಚೀಟಿಗಳೂ ಪೆನ್ಸಿಲೂ ಪಕ್ಕದಲ್ಲಿಯೇ ಇವೆ. ಹಳೆಯ ಚೀಟಿಯಲ್ಲಿ ತಪ್ಪು ಕಂಡರೆ ಅಳಿಸಬೇಡಿರಿ. ಅದರ ಕೆಳಗೆ ನಿಮಗೆ ಕಂಡದ್ದನ್ನು ಬರೆದು, ಎಲ್ಲಿ ಕಂಡಿರೆಂಬುದನ್ನೂ ಬರೆಯಿರಿ.