ಚಪ್ಪಲಿ ಮ್ಯಾಲಿನ ಹೆಣಿಕಿ ಯಾರ ಕೈದು?

ಅಕ್ಕಗೋಳ, ತಂಗಿಗೋಳ, ಈ ವಾರ ಅಡಗಿ, ಉಪ್ಪಿನಕಾಯಿ ಬಿಟ್ಟು ಚಪ್ಪಲಿ ಸುದ್ದಿ ಬರಿಯಾಕತ್ತೀನಿ. ಕಾಲಾಗಿನ ವಸ್ತು ಅಂತ ಮೂಗು ಮುರೀಬ್ಯಾಡ್ರಿ. ಡಿಸೈನ್, ಕಲೆ ಅಂತ ಮಕ್ಕಳು ಕಾಲೇಜಿನಾಗ ಕಲತು ಬರ್ತಾವಲ್ಲ, ಅದು ನಮ್ಮ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆ ಎಂದೋ ಬಾಗಲಾಗ ಬಂದು ಕುಂತೈತಿ.

ನೀವೂ ಸುದ್ದಿ ಕೇಳಿರಬೇಕು. 2025ರ ಜೂನ್ ತಿಂಗಳಾಗ ಇಟಲಿಯ ಮಿಲಾನ್ ಊರಾಗ ಪ್ರಾಡಾ ಅನ್ನೋ ದೊಡ್ಡ ಕಂಪನಿ ಫ್ಯಾಷನ್ ಶೋ ಮಾಡಿತು. ಅಲ್ಲಿ ಹುಡುಗರು ಹಾಕ್ಕೊಂಡು ನಡದದ್ದು ಥೇಟ್ ಕೊಲ್ಹಾಪುರಿ ಚಪ್ಪಲಿ ಹಂತಾದ್ದು. ಚರ್ಮದ ಸ್ಯಾಂಡಲ್ ಅಂದ್ರು, ಎಲ್ಲೀದು ಅನ್ನಲಿಲ್ಲ. ದೊಡ್ಡ ಗದ್ದಲ ಆತು. ಆಮ್ಯಾಲ ಒಪ್ಪಿಕೊಂಡ್ರು. ಡಿಸೆಂಬರ್‌ದಾಗ ಮಹಾರಾಷ್ಟ್ರದ ಲಿಡ್ಕಾಮ್, ನಮ್ಮ ಕರ್ನಾಟಕದ ಲಿಡ್ಕರ್ ಜೊತಿ ಕರಾರ ಮಾಡಿಕೊಂಡು, 2000 ಜೋಡಿ ಇಲ್ಲೇ ಮಾಡಸ್ತೀವಿ, ಜೋಡಿಗೆ ಸುಮಾರು 800 ಯೂರೋ ಅಂತ ಹೇಳಿದ್ರು. ಅಂದ್ರ ನಮ್ಮ ರೊಕ್ಕದಾಗ 80 ಸಾವಿರದ ಮ್ಯಾಲ!

ಓಣ್ಯಾಗ ಎಲ್ಲಾರೂ ಬೆಲೀದ ಮಾತ ಆಡಿದ್ರು. ನನಗ ಮಾತ್ರ ಬ್ಯಾರೆ ಮಾತು ತಲ್ಯಾಗ ಹೊಕ್ಕಿತು. ಪ್ರಾಡಾ ಚಪ್ಪಲಿಗೆ ಡಿಸೈನರ್ ಇರ್ತಾರ, ಅವರ ಹೆಸರು ಪೇಪರಿನಾಗ ಬರತೈತಿ. ನಮ್ಮ ಚಪ್ಪಲಿಗೆ ಡಿಸೈನರ್ ಯಾರು?

ಹೆಸರು ಕೊಲ್ಹಾಪುರಿ ಇದ್ರೂ ಕೊಲ್ಹಾಪುರದ ಅಂಗಡ್ಯಾಗ ಮಾರೋ ಎಷ್ಟೋ ಜೋಡಿ ನಮ್ಮ ಅಥಣಿ ಕಡೆಯವು. 2019ರಾಗ ಇದಕ್ಕ ಜಿಐ ಅನ್ನೋ ಗುರ್ತು ಸಿಕ್ಕಿತು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಆ ಕಡೀವು ನಾಕು ಜಿಲ್ಲಾ. ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರ ನಮ್ಮ ಕಡೀವು ನಾಕು. ಗಡಿ ಸಲುವಾಗಿ ಜಗಳ ಆಡೋ ಎರಡು ರಾಜ್ಯ ಚಪ್ಪಲ್ಯಾಗ ಒಂದಾಗ್ಯಾವ ನೋಡ್ರಿ.

ಒಂದು ಜೋಡಿ ಕೈಯಾಗ ಹಿಡದು ತಿರುವಿ ನೋಡ್ರಿ. ಎಮ್ಮಿ ತೊಗಲಿನ ದಪ್ಪ ಅಟ್ಟಿ, ಯಾಕಂದ್ರ ನಮ್ಮ ಕಡೆ ಬ್ಯಾಸಗಿ ಮಣ್ಣು ಕೆಂಡ ಇದ್ದಂಗ. ಹೆಬ್ಬೆರಳಿಗೆ ಒಂದು ಉಂಗುರ, ನಡೆಯುವಾಗ ಜಾರಬಾರದು ಅಂತ. ಎರಡೂ ಮಗ್ಗಲಕ್ಕ ಕಿವಿ, ಆ ಕಿವಿಗೇ ಮ್ಯಾಲಿನ ಪಟ್ಟಿ ಹೊಲೀತಾರ. ಮೊಳಿ ಹೊಡಿಯಂಗಿಲ್ಲ, ತೊಗಲಿನ ದಾರದಲೇ ಹೊಲಿಗಿ. ತೊಗಲ ಹದ ಮಾಡಾಕ ಜಾಲಿ ತೊಗಟಿ, ಅಳಲೆಕಾಯಿ. ಹಿರಡಾ ಅಂತೀವಲ್ಲ, ಕೂಸಿನ ಹೊಟ್ಟಿ ಬ್ಯಾನಿಗೆ ತೇಯ್ದು ಹಾಕತೀವಲ್ಲ, ಅದ ಕಾಯಿ. ಹದ ಆಗಾಕ ವಾರಗಟ್ಟಲೆ ಬೇಕು. ಮ್ಯಾಲ ನಡಬರಕ ಸಣ್ಣ ತೊಗಲಿನ ಎಳಿಯ ಹೆಣಿಕಿ, ಅದಕ್ಕ ವೇಣಿ ಅಂತಾರ. ಮಗಳಿಗೆ ಬಿಗಿಯಾಗಿ ಹೆರಳ ಹಾಕಿದಂಗ ಕಾಣತೈತಿ. ಕೆಲವಕ್ಕ ನಡದ್ರ ಕರಕರ ಸಪ್ಪಳ ಬರೂ ಹಂಗ ಬೇಕಂತಲೇ ಮಾಡಿರ್ತಾರ. ಅದು ಕಾಲಿಗೆ ಬ್ಯಾಡ, ಮನಸಿಗೆ ಬೇಕು. ಕಾಲಿಗೂ ಮನಸಿಗೂ ಎರಡಕ್ಕೂ ಹಿಡಿಸೂ ಹಂಗ ಯೋಚನೆ ಮಾಡೋದಕ್ಕಲ್ಲೇನು ಡಿಸೈನ್ ಅನ್ನೂದು? ಕಾಪಶಿ ಅಂತ ಒಂದು ನಮೂನಿ ಐತಿ, ಅದು ಊರ ಹೆಸರು. ಊರಿನ ಹೆಸರು ಉಳೀತು, ಮೊದಲ ಮಾಡಿದವರ ಹೆಸರು ಉಳೀಲಿಲ್ಲ.

ಈಗ ಅಸಲು ಮಾತಿಗೆ ಬರತೀನಿ. ತೊಗಲ ಕತ್ತರಿಸೋದು, ಅಟ್ಟಿ ಬಡಿಯೋದು ಹೆಚ್ಚಾಗಿ ಗಂಡಸರು. ವೇಣಿ ಹೆಣೆಯೋದು, ತೂತು ಹೊಡದು ಚಿತ್ತಾರ ಮೂಡಿಸೋದು, ಸಣ್ಣ ಹೊಲಿಗಿ ಹಾಕೋದು ಹೆಣ್ಮಕ್ಕಳು. ನಮಗ ಗುರ್ತಿನ ಮನಿಯೊಳಗ ಒಬ್ಬಾಕಿ ಹೆಣಿಯೂದನ್ನ ನೋಡಕೋತ ಕುಂತಿದ್ದೆ. ಎಳಿ ಕಾಲಬೆರಳಿನಾಗ ಸಿಗಿಸಿಕೊಂಡು ಜಗ್ಗಿ ಜಗ್ಗಿ ಹೆಣೀತಿದ್ಲು. ಒಂದು ಕಡೆ ಕಟ್ಟು ತಪ್ಪಿಸಿ ಎಳಿ ಹಾಕಿದ್ಲು. "ಹಿಂಗ್ಯಾಕವ್ವಾ?" ಅಂದೆ. "ಇಲ್ಲೆ ಬೆರಳ ಮಡಚತೈತ್ರಿ, ಬಿಗಿ ಮಾಡಿದ್ರ ಗುಳ್ಳಿ ಏಳತಾವು" ಅಂದ್ಲು. "ಎಷ್ಟ ವರ್ಷ ಆತು ಈ ಕೆಲಸ ಮಾಡಾಕತ್ತಿ?" ಅಂದ್ರ, "ನಾ ಏನ ಕೆಲಸ ಮಾಡ್ತೀನ್ರಿ, ಅವರಿಗೆ ಕೈ ಹಚ್ಚತೀನಿ ಅಷ್ಟ" ಅಂದ್ಲು.

ಆ ಮಾತು ನನಗ ಚುಚ್ಚಿತು. ಯಾಕಂದ್ರ ನಾವೂ ಅದ ಮಾತ ಆಡತೀವಿ. ಜನಗಣತಿಯವರು ಬಂದು ಕೆಲಸ ಏನ್ರಿ ಅಂದ್ರ, ಏನಿಲ್ರಿ ಮನ್ಯಾಗ ಇರತೀನಿ ಅಂತೀವಿ.

1990ರ ದಶಕದ ಕೊನೀಗೆ ಅಥಣಿಯೊಳಗ ಅಸೆಂಟ್ ಅನ್ನೋ ಸಂಸ್ಥಾದ ಮಧುರಾ ಛತ್ರಪತಿಯವರು ಈ ಹೆಣ್ಮಕ್ಕಳನ್ನ ಕೂಡಿಸಿ ಸ್ವಸಹಾಯ ಗುಂಪು ಕಟ್ಟಿದ್ರು. ಅದರಿಂದ ಟೋಹೋಲ್ಡ್ ಅನ್ನೋ ಕುಶಲಕರ್ಮಿಗಳ ಕೂಟ ಹುಟ್ಟಿತು. ಹೊರಗಿನ ಡಿಸೈನರ್‌ಗೋಳು ಬಂದು ಹೊಸ ನಮೂನಿ, ಹೊಸ ಬಣ್ಣ ತೋರಿಸಿದ್ರು. ಅಥಣಿ ಚಪ್ಪಲಿ ಪರದೇಶಕ್ಕ ಹೋತು. ಆದ್ರ ನನ್ನ ಲೆಕ್ಕದಾಗ ದೊಡ್ಡ ಮಾತು ಅಂದ್ರ, ಕೈ ಹಚ್ಚತೀನಿ ಅನ್ನೋ ಹೆಣ್ಮಗಳು ಗುಂಪಿನಾಗ ತನ್ನ ಹೆಸರು ಬರಿಸಿಕೊಂಡು ತನ್ನ ದುಡಿಮಿ ಲೆಕ್ಕ ತಾನ ಕೇಳೂ ಹಂಗ ಆದದ್ದು. ಬಂದ ಡಿಸೈನರ್ ಖರೇ ಕೆಲಸ ಇದ. ತನ್ನ ಚಿತ್ರ ಮುಂದ ಇಡೋದಕ್ಕಿಂತ ಮೊದಲ, ಹೆಣಿಯಾಕಿ ಬಾಯಿಲೆ "ಇಲ್ಲೆ ಬೆರಳ ಮಡಚತೈತಿ" ಅನ್ನೂದನ್ನ ಕೇಳಬೇಕು.

ನಮ್ಮ ಕಡೆ ಹರಳಯ್ಯನ ಕಥಿ ಯಾರಿಗೆ ಗೊತ್ತಿಲ್ಲ? ಸಮಗಾರ ಹರಳಯ್ಯ ಒಂದ ಸಲ ಶರಣು ಅಂದ್ರ ಬಸವಣ್ಣ ಎರಡ ಸಲ ಅಂದ ಅಂತ, ಆ ಋಣ ತೀರಸಾಕ ಗಂಡ ಹೆಂಡತಿ ಇಬ್ಬರೂ ತಮ್ಮ ತೊಡಿ ಚರ್ಮ ತಗದು ಚಪ್ಪಲಿ ಮಾಡಿದ್ರು. ಬಸವಣ್ಣ ಅವನ್ನ ಕಾಲಿಗೆ ಹಾಕಲಿಲ್ಲ, ತಲಿ ಮ್ಯಾಲ ಇಟಗೊಂಡ. ಕಲ್ಯಾಣಮ್ಮನ ಚರ್ಮ ಇಲ್ಲದಿದ್ರ ಜೋಡಿ ಆಗತಿದ್ದಿಲ್ಲ. ಕಥಿ ಮಾಡಿದವರಿಗೆ ತಿಳದಿತ್ತು ಅರ್ಧ ಆಕೀದು ಅಂತ. ಅಂಗಡಿ ಬೋರ್ಡ್ ಬರಿಯೋವರಿಗೆ ತಿಳೀಲಿಲ್ಲ. ಊರಿಗಂತೂ ಇನ್ನೂ ತಿಳೀಲಿಲ್ಲ. ಚಪ್ಪಲಿ ಹೊಸಲಿ ತನಕ ಬರತಿತ್ತು, ಮಾಡಿದವರನ್ನ ಅಂಗಳದಾಗ ನಿಂದ್ರಸೋ ಪದ್ಧತಿ ಇತ್ತು. ಕಲೆ ಬೇಕು, ಕಲೆ ಮಾಡಿದವರು ಬ್ಯಾಡ ಅಂದ್ರ ಹೆಂಗ?

ಈಗಿನ ಹುಡುಗರು ಈ ಕೆಲಸಕ್ಕ ಬರಾಕ ಒಲ್ಲೆ ಅಂತಾರ. ಅವರನ್ನ ಬೈಯೂ ಹಂಗಿಲ್ಲ. ತೊಗಲಿನ ನಾತ, ನೀರಾಗ ಕೈ, ದಿನಾ ಬಗ್ಗಿ ಕುಂತ ನಡಾ, ಮ್ಯಾಲ ಜಾತಿ ಮಾತು. ಕೊನೀಗೆ ಕೈಗೆ ಬರೋದು ಸ್ವಲ್ಪ. 800 ಯೂರೋದಾಗ ಹೆಣಿದಾಕಿಗೆ ಎಷ್ಟ ಮುಟ್ಟತೈತಿ ಅನ್ನೂದರ ಮ್ಯಾಲ ಈ ಕಲೆ ಉಳೀತೈತೋ ಇಲ್ಲೋ ನಿಂತೈತಿ. ಪ್ರಾಡಾದವರನ್ನ ಕೇಳಾಕ ನಾವು ಮಿಲಾನಿಗೆ ಹೋಗಂಗಿಲ್ಲ. ಆದ್ರ ನಮ್ಮ ಪ್ಯಾಟ್ಯಾಗ 700-800 ರೂಪಾಯಿ ಜೋಡಿಗೆ ನೂರು ರೂಪಾಯಿ ಕಡಿಮಿ ಮಾಡ್ರಿ ಅನ್ನೋವರು ನಾವ ಅಲ್ಲೇನು? ಆ ನೂರು ಯಾರ ಪಾಲಿಂದ ಹೋಗತೈತಿ ಅಂತ ಒಂದ ಸಲ ಲೆಕ್ಕ ಹಾಕ್ರಿ.

ಮುಂದಿನ ಲಗ್ನದ ಸೀಸನ್ನಿಗೆ ಅಳಿಯಾಗ, ಬೀಗರಿಗೆ ಚಪ್ಪಲಿ ಕೊಡೋದಿದ್ರ ಅಥಣಿ, ನಿಪ್ಪಾಣಿ, ಮದಭಾವಿ ಎಲ್ಲೇ ಆಗಲಿ, ಮಾಡೋವರ ಮನೀಗೇ ಹೋಗ್ರಿ. ಹೆಣಿದಾಕಿ ಯಾರು ಅಂತ ಹೆಸರು ಕೇಳ್ರಿ, ಕೊಡುವಾಗ ಆ ಹೆಸರು ಹೇಳಿ ಕೊಡ್ರಿ. ರೊಕ್ಕ ಆಕಿ ಕೈಯಾಗ ಇಡ್ರಿ.

ಮತ್ತ, ಮಳ್ಯಾಗ ಹಾಕಬ್ಯಾಡ್ರಿ. ತೊಯ್ದ್ರ ಬಿಸಲಿಗೆ ಇಡದ ನೆರಳಾಗ ಒಣಗಿಸಿ, ಸ್ವಲ್ಪ ಎಣ್ಣಿ ಸವರ್ರಿ. ಹೊಸಾದು ನಾಕ ದಿನ ಕಚ್ಚತೈತಿ, ಆಮ್ಯಾಲ ನಿಮ್ಮ ಕಾಲಿನ ಅಚ್ಚಿಗೇ ಕೂಡತೈತಿ.