ಟೂಟಿಂಗ್‌ನ ಅರಮನೆಯಲ್ಲಿ ಅಂಕಿಗಳ ಆಟ

ಲಂಡನ್ನಿನ ನೆಲದಡಿಯ ರೈಲಿನಲ್ಲಿ ನಾರ್ದರ್ನ್ ಮಾರ್ಗ ಹಿಡಿದು ದಕ್ಷಿಣಕ್ಕೆ ಹೋದರೆ ಟೂಟಿಂಗ್ ಬ್ರಾಡ್‌ವೇ ಎಂಬ ನಿಲ್ದಾಣ ಸಿಗುತ್ತದೆ. ಪ್ರವಾಸಿಗರು ಇತ್ತ ಸುಳಿಯುವುದು ಕಡಿಮೆ. ಸುಳಿದರೂ ಅದು ದೋಸೆಯ ಆಸೆಗೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹೋಟೆಲುಗಳಿಗೆ ಈ ಬಡಾವಣೆ ಹೆಸರುವಾಸಿ. ನಿಲ್ದಾಣದಿಂದ ಹೊರಬಂದು ಮಿಚಮ್ ರಸ್ತೆಯಲ್ಲಿ ಸ್ವಲ್ಪ ನಡೆದರೆ ಎತ್ತರದ ಕಂಬಗಳ ಮುಂಭಾಗವುಳ್ಳ ಕಟ್ಟಡವೊಂದು ಎದುರಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಹಳೆಯ ಬ್ಯಾಂಕೋ ಪುರಭವನವೋ ಇರಬೇಕೆನಿಸುತ್ತದೆ. ಒಳಗೆ ಕಾಲಿಟ್ಟರೆ ಮಾತು ನಿಂತುಹೋಗುತ್ತದೆ. ಇಗರ್ಜಿಯಂಥ ಚೂಪು ಕಮಾನುಗಳು, ಗೋಡೆಯ ಮೇಲೆ ಮಧ್ಯಯುಗದ ಗಾಯಕರು, ಲಲನೆಯರು, ಎರಡೂ ಬದಿಗೆ ಕನ್ನಡಿ ಜೋಡಿಸಿದ ಉದ್ದನೆಯ ಓಣಿ.

ಇದು ಅರಮನೆಯೂ ಅಲ್ಲ, ಇಗರ್ಜಿಯೂ ಅಲ್ಲ. 1931ರಲ್ಲಿ ತೆರೆದ ಗ್ರಾನಡಾ ಚಿತ್ರಮಂದಿರ. ಒಳಾಂಗಣವನ್ನು ರೂಪಿಸಿದ ಥಿಯೊಡೋರ್ ಕೊಮಿಸಾರ್ಜೆವ್‌ಸ್ಕಿ ವೆನಿಸ್‌ನಲ್ಲಿ ಹುಟ್ಟಿದ ರಷ್ಯನ್; ವೃತ್ತಿಯಿಂದ ನಾಟಕ ನಿರ್ದೇಶಕ. ದಿನವಿಡೀ ದುಡಿದು ಬಂದ ಬಡ ಪ್ರೇಕ್ಷಕರಿಗೆ ಮೂರು ಗಂಟೆಯಾದರೂ ರಾಜವೈಭವ ಸಿಗಲಿ ಎಂಬಂತೆ ಆತ ಅದನ್ನು ಅಲಂಕರಿಸಿದ. ಮೂರು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾಗಿದ್ದ ಈ ಸಭಾಂಗಣದಲ್ಲಿ 1963ರಲ್ಲಿ ಬೀಟಲ್ಸ್ ತಂಡ ಹಾಡಿತು. ಹತ್ತೇ ವರ್ಷದಲ್ಲಿ, 1973ರಲ್ಲಿ, ಚಿತ್ರಪ್ರದರ್ಶನ ನಿಂತಿತು. 1976ರಲ್ಲಿ ಬಾಗಿಲು ಮತ್ತೆ ತೆರೆದಾಗ ಒಳಗೆ ಬಂದದ್ದು ಬಿಂಗೊ. ಅದರ ಹಿಂದೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು.

ಟೂಟಿಂಗ್‌ನಲ್ಲಿ ನಡೆದದ್ದು ಬ್ರಿಟನ್ನಿನ ಊರೂರಲ್ಲೂ ನಡೆದಿತ್ತು. 1946ರಲ್ಲಿ ಆ ದೇಶದ ಚಿತ್ರಮಂದಿರಗಳಲ್ಲಿ ಸುಮಾರು 163 ಕೋಟಿ ಟಿಕೆಟ್ ಮಾರಾಟವಾಗಿತ್ತು. ಟೆಲಿವಿಷನ್ ಮನೆಮನೆಗೆ ಬಂದಮೇಲೆ, 1960ರ ಹೊತ್ತಿಗೆ, ಅದು 50 ಕೋಟಿಗೆ ಇಳಿಯಿತು. ದೊಡ್ಡ ದೊಡ್ಡ ಮಂದಿರಗಳನ್ನು ಏನು ಮಾಡುವುದೆಂದು ಮಾಲೀಕರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, ಅದೇ 1960ರಲ್ಲಿ ಪಾರ್ಲಿಮೆಂಟು ಜೂಜಿನ ಕಾಯಿದೆಯನ್ನು ಸಡಿಲಿಸಿತು. ಮರುವರ್ಷದಿಂದ ಸದಸ್ಯರ ಕ್ಲಬ್ಬುಗಳಲ್ಲಿ ದುಡ್ಡಿಟ್ಟು ಬಿಂಗೊ ಆಡಬಹುದಾಯಿತು. ಮಧ್ಯಾಹ್ನದ ಆಟಕ್ಕೆ ಸಿನಿಮಾ ನೋಡಲು ಬರುತ್ತಿದ್ದ ಮಹಿಳೆಯರು ಅದೇ ಬಾಗಿಲಿನಿಂದ, ಅದೇ ಕುರ್ಚಿಗಳಿಗೆ ಮರಳಿದರು. ದಾರಿ ಅವರಿಗೆ ಹೊಸದಾಗಿರಲಿಲ್ಲ.

ಆಟ ಸರಳ. ಚೀಟಿಯಲ್ಲಿ ಮೂರು ಸಾಲು, ಒಂಬತ್ತು ಕಂಬ, ಒಟ್ಟು 15 ಅಂಕಿಗಳು. 1ರಿಂದ 90ರವರೆಗಿನ ಅಂಕಿಗಳನ್ನು ಒಬ್ಬರು ಯಾವುದೋ ಕ್ರಮದಲ್ಲಿ ಕೂಗುತ್ತಾರೆ. ತಮ್ಮ ಚೀಟಿಯಲ್ಲಿದ್ದರೆ ಗುರುತು ಹಾಕಬೇಕು. ಒಂದು ಸಾಲು, ಎರಡು ಸಾಲು, ಕೊನೆಗೆ ಪೂರ್ತಿ ಚೀಟಿ. ಮೊದಲು ಮುಗಿಸಿ ಕೂಗಿದವರಿಗೆ ಹಣ. ಲೆಕ್ಕದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಇಲ್ಲೊಂದು ಚಮತ್ಕಾರ ಗಮನಿಸಬಹುದು. ಚೀಟಿಗಳನ್ನು ಆರಾರರ ಪಟ್ಟಿಯಾಗಿ ಮಾರುತ್ತಾರೆ. ಆರು ಹದಿನೈದಲೆ ತೊಂಬತ್ತು. ಪ್ರತಿ ಅಂಕಿಯೂ ಆ ಪಟ್ಟಿಯಲ್ಲಿ ಒಂದು ಸಲ, ಒಂದೇ ಸಲ ಇರುತ್ತದೆ. ಪಟ್ಟಿ ಕೊಂಡವರಿಗೆ ಯಾವ ಕೂಗೂ ವ್ಯರ್ಥವಲ್ಲ. ಪ್ರತಿ ಸಲವೂ ಎಲ್ಲೋ ಒಂದು ಕಡೆ ಶಾಯಿ ಒತ್ತಲೇಬೇಕು, ಅದೂ ಎರಡು ಮೂರು ಸೆಕೆಂಡಿನೊಳಗೆ. ‘ಐಸ್ ಡೌನ್’ ಎಂದು ಕರೆ ಬಂದೊಡನೆ ನೂರಾರು ಜನರಿರುವ ಸಭಾಂಗಣ ಪರೀಕ್ಷೆಯ ಕೊಠಡಿಯಷ್ಟೇ ನಿಶ್ಶಬ್ದವಾಗುತ್ತದೆ.

ಅಂಕಿಗಳಿಗೆ ಅಡ್ಡಹೆಸರುಗಳೂ ಉಂಟು. 22 ಎಂದರೆ ಎರಡು ಬಾತುಕೋಳಿ. 88 ಇಬ್ಬರು ದಪ್ಪ ಹೆಂಗಸರು. 9 ವೈದ್ಯರ ಆಜ್ಞೆ. ಸೈನ್ಯದ ವೈದ್ಯರು ಯಾವ ಕಾಯಿಲೆಗೂ ಕೊಡುತ್ತಿದ್ದ ಒಂಬತ್ತನೇ ನಂಬರಿನ ಭೇದಿ ಗುಳಿಗೆಯ ನೆನಪು. 76 ಬಂದಾಗ ‘ಅವಳಿಗೆ ಅಷ್ಟು ಬೆಲೆಯಿತ್ತೇ?’ ಎಂದು ಕೂಗುತ್ತಿದ್ದರು. ಹಿಂದೆ ಮದುವೆಯ ಪರವಾನಗಿಗೆ ಏಳು ಷಿಲಿಂಗ್ ಆರು ಪೆನ್ಸ್ ಕೊಡಬೇಕಿತ್ತು ಎಂಬುದರ ಮೇಲಿನ ತಮಾಷೆ ಅದು. ಪ್ರತಿ ಪೆನ್ನಿಗೂ ಬಾಳುತ್ತಿದ್ದಳು ಎಂದು ಆಟಗಾರ್ತಿಯರಿಂದ ತಿರುಗಿ ಕೂಗು ಬರುತ್ತಿತ್ತು. ಗಂಡಸರ ಬ್ಯಾರಕ್ಕಿನಲ್ಲಿ ಹುಟ್ಟಿದ ಹಾಸ್ಯಕ್ಕೆ ಹೆಂಗಸರು ಕೊಟ್ಟ ಉತ್ತರ.

ಹೆಂಗಸರಿಗೇ ಏಕೆ ಈ ಆಟ ಹಿಡಿಸಿತು? ಅವರಿಗೆ ಅದೃಷ್ಟದಲ್ಲಿ ನಂಬಿಕೆ ಜಾಸ್ತಿ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಕುದುರೆಯ ಬಾಲ ಹಿಡಿದು ಮನೆಮಠ ಕಳೆದುಕೊಂಡ ಗಂಡಸರನ್ನು ಕಂಡವರು ಇದನ್ನು ಒಪ್ಪಲಾರರು. ಉತ್ತರ ಅಂಕಿಗಳಲ್ಲಿಲ್ಲ, ಬಾಗಿಲಿನಲ್ಲಿದೆ. ಆ ಕಾಲದ ಬ್ರಿಟನ್ನಿನಲ್ಲಿ ಕೂಲಿಕಾರರ ಮನೆಯ ಹೆಣ್ಣುಮಗಳು ಸಂಜೆ ಒಬ್ಬಳೇ ಹೋಗಿ ಕೂರಬಹುದಾಗಿದ್ದ ಜಾಗ ಯಾವುದಿತ್ತು? ಮದ್ಯದಂಗಡಿಗೆ ಒಂಟಿಯಾಗಿ ಹೋದರೆ ಕಣ್ಣುಗಳೆಲ್ಲ ಅವಳ ಮೇಲೆ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಒಂದು ಮದ್ಯದಂಗಡಿಯಲ್ಲಿ ಕಟ್ಟೆಯ ಬಳಿ ನಿಂತ ಹೆಂಗಸರಿಗೆ ಕೊಡುವುದಿಲ್ಲವೆಂಬ ನಿಯಮವೇ ಇತ್ತು. ಅದು ಕಾನೂನುಬಾಹಿರವೆಂದು ನ್ಯಾಯಾಲಯ ಹೇಳಿದ್ದು 1982ರಲ್ಲಿ. ಕಾರ್ಮಿಕರ ಕ್ಲಬ್ಬುಗಳ ಒಕ್ಕೂಟ ಹೆಂಗಸರಿಗೆ ಸಮಾನ ಹಕ್ಕು ಕೊಡಲು ಒಪ್ಪಿದ್ದಂತೂ 2007ರಲ್ಲಿ. ಕುದುರೆ ಜೂಜಿನ ಅಂಗಡಿ, ಫುಟ್ಬಾಲ್ ಮೈದಾನ ಎಲ್ಲವೂ ಗಂಡಸರ ರಾಜ್ಯ.

ಬಿಂಗೊ ಮಂದಿರ ಬೇರೆ ಥರ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಮಕ್ಕಳು ಶಾಲೆಯಲ್ಲಿರುವಾಗ ಮಧ್ಯಾಹ್ನದ ಸರದಿ. ಜೊತೆಗೆ ಗಂಡಸಿರಬೇಕಿಲ್ಲ, ಅಕ್ಕಪಕ್ಕದ ಮನೆಯವರೋ ತಾಯಿಯೋ ಅತ್ತೆಯೋ ಇದ್ದರೆ ಸಾಕು, ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಎಷ್ಟು ಖರ್ಚು ಎಂಬುದು ಚೀಟಿ ಕೊಳ್ಳುವಾಗಲೇ ಗೊತ್ತು. ಕುದುರೆಯ ವಂಶಾವಳಿ, ಇಸ್ಪೀಟಿನ ಲೆಕ್ಕಾಚಾರ ಕಲಿತಿರಬೇಕಿಲ್ಲ. ಮೂವತ್ತು ವರ್ಷ ಆಡಿದವಳಿಗೂ ನಿನ್ನೆ ಸೇರಿದವಳಿಗೂ ಅಷ್ಟೇ ಚೀಟಿಗೆ ಅಷ್ಟೇ ಅವಕಾಶ. ಗೆದ್ದರೆ ಆ ಹಣ ಅವಳದು. ಗಂಡ ವಾರಕ್ಕೊಮ್ಮೆ ಎಣಿಸಿ ಕೊಡುವ ಮನೆಖರ್ಚಿನದಲ್ಲ. ಈ ಕೊನೆಯ ಮಾತಿನ ತೂಕ ಸ್ವಂತ ಸಂಪಾದನೆಯಿಲ್ಲದ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಿಲ್ಲ. 1980ರ ದಶಕದ ಆರಂಭದಲ್ಲಿ ರೇಚಲ್ ಡಿಕ್ಸಿ ಮತ್ತು ಮಾರ್ಗರೆಟ್ ಟಾಲ್ಬಟ್ ಎಂಬ ಸಂಶೋಧಕಿಯರು ಮಹಿಳೆಯರು, ಬಿಡುವು ಮತ್ತು ಬಿಂಗೊ ಕುರಿತು ಅಧ್ಯಯನ ನಡೆಸಿದಾಗ, ಹಣಕ್ಕಿಂತ ಮಿಗಿಲಾಗಿ ನಾಲ್ಕು ಜನರ ಒಡನಾಟವೇ ಸೆಳೆತವೆಂಬುದು ಅವರಿಗೆ ಕಂಡುಬಂತು.

ಹಾಗೆಂದು ಇದು ಭಜನಾ ಮಂಡಳಿಯಲ್ಲ, ಜೂಜೇ. ಮಂದಿರದ ಪಾಲು ಮೊದಲೇ ಕಳೆಯುವುದರಿಂದ ಆಡುವವರೆಲ್ಲರ ಲೆಕ್ಕ ಕೂಡಿದರೆ ನಷ್ಟವೇ ನಿಲ್ಲುತ್ತದೆ. 18 ತುಂಬದವರು ಆಡುವಂತಿಲ್ಲ. ಆಟಗಳ ನಡುವಿನ ಬಿಡುವಿನಲ್ಲಿ ನಾಣ್ಯದ ಯಂತ್ರಗಳು ಕಣ್ಣು ಮಿಟುಕಿಸಿ ಕರೆಯುತ್ತವೆ. ಚೀಟಿಗಿರುವ ಮಿತಿ ಅವಕ್ಕಿಲ್ಲ. ಮನೆಗೆ ಬೇಕಾದ ದುಡ್ಡನ್ನು ಅವುಗಳ ಬಾಯಿಗೆ ಹಾಕಿ ಬರಿಗೈಲಿ ಮರಳಿದವರೂ ಇದ್ದಾರೆ. 1960ರ ದಶಕದಲ್ಲಿ ಪಾದ್ರಿಗಳೂ ಪತ್ರಿಕೆಗಳೂ ಬಿಂಗೊ ತಾಯಂದಿರನ್ನು ಬೈದದ್ದು ಪೂರ್ತಿ ಸುಳ್ಳಲ್ಲ. ಆದರೆ ಅಪ್ಪಂದಿರು ಶನಿವಾರದ ಕುದುರೆಗೆ ಸುರಿದ ಹಣದ ಬಗ್ಗೆ ಅಷ್ಟೇ ಗಟ್ಟಿ ದನಿ ಕೇಳಿಬರಲಿಲ್ಲ.

ನಮ್ಮವರಿಗೆ ಈ ಆಟ ಅಪರಿಚಿತವಲ್ಲ. ಬ್ರಿಟಿಷ್ ಭೂಸೇನೆಯಲ್ಲಿ ಇದರ ಹೆಸರು ಹೌಸಿ, ನೌಕಾಪಡೆಯಲ್ಲಿ ತಂಬೋಲ. ಎರಡು ಹೆಸರೂ ಭಾರತದಲ್ಲಿ ಉಳಿದಿವೆ. ಬೆಂಗಳೂರಿನ ಕ್ಲಬ್ಬುಗಳಲ್ಲಿ, ಮಹಿಳಾ ಸಮಾಜಗಳಲ್ಲಿ, ಗಣೇಶೋತ್ಸವದ ಪೆಂಡಾಲುಗಳಲ್ಲಿ ಅದೇ ತೊಂಬತ್ತು ಅಂಕಿ, ಅದೇ ಮೂರು ಸಾಲು, ಅದೇ ‘ಟೂ ಫ್ಯಾಟ್ ಲೇಡೀಸ್’. ಇಲ್ಲೂ ಚೀಟಿಯ ಮೇಲೆ ಬಾಗಿದ ತಲೆಗಳಲ್ಲಿ ಹೆಂಗಸರದೇ ಹೆಚ್ಚು. ಅಡುಗೆ ಮುಗಿಸಿ ಬಂದು ಒಂದು ತಾಸು ಯಾರೂ ಕರೆಯದ ಹಾಗೆ ಕೂರುವ ಸುಖ ಟೂಟಿಂಗ್‌ನವರಿಗೆ ಮಾತ್ರ ಗೊತ್ತಿರುವುದಲ್ಲ.

ಈಗ ಬ್ರಿಟನ್ನಿನ ಹಲವು ಬಿಂಗೊ ಮಂದಿರಗಳು ಮುಚ್ಚಿವೆ. 2007ರಲ್ಲಿ ಇಂಗ್ಲೆಂಡಿನಲ್ಲಿ ಒಳಾಂಗಣದ ಧೂಮಪಾನ ನಿಷೇಧವಾದಾಗ ಹಲವರು ಮನೆಯಲ್ಲೇ ಉಳಿದರು. 2020ರಲ್ಲಿ ಕೊರೊನಾ ಬಾಗಿಲು ಹಾಕಿಸಿತು. ಈ ನಡುವೆ ಆಟ ಮೊಬೈಲಿಗೆ ಇಳಿಯಿತು. ಮೊಬೈಲಿನಲ್ಲಿ ಯಂತ್ರವೇ ಗುರುತು ಹಾಕುತ್ತದೆ, ಮಧ್ಯರಾತ್ರಿಯಾದರೂ ಆಟ ಮುಗಿಯುವುದಿಲ್ಲ, ಸಾಕು ಏಳೇ ಎಂದು ಭುಜ ತಟ್ಟುವ ಪಕ್ಕದವಳಿಲ್ಲ. ಟೂಟಿಂಗ್‌ನ ಕಟ್ಟಡಕ್ಕೆ 2000ದಲ್ಲಿ ಮೊದಲ ದರ್ಜೆಯ ಸಂರಕ್ಷಿತ ಸ್ಮಾರಕದ ಸ್ಥಾನ ದೊರೆಯಿತು. ಚಿತ್ರಮಂದಿರವಾಗಿ ಕಟ್ಟಿದ ಕಟ್ಟಡಕ್ಕೆ ಅಪರೂಪದ ಗೌರವ. ಅದು ಸಂದದ್ದು ಕಮಾನುಗಳಿಗೆ, ಬಣ್ಣಕ್ಕೆ, ಕನ್ನಡಿಯ ಓಣಿಗೆ. ಆಟ ಮುಗಿದ ಮೇಲೆ ಆ ಓಣಿಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಒಂದೇ ಅಂಕಿಯಲ್ಲಿ ತಪ್ಪಿಹೋದ ಗೆಲುವಿನ ಮಾತಾಡುತ್ತ, ಹೆಂಗಸರು ಬಸ್ಸಿಗೆ ಹೊರಡುತ್ತಿದ್ದರು.