ಗೂಡುದೀಪ ಏರಿತ್ತು, ಹಂಡೆ ಖಾಲಿ ಇತ್ತು

ಮಂಗಳೂರಿನ ಫಳ್ನೀರಿನಲ್ಲಿ ನಾವಿರುವ ಅಡ್ಡರಸ್ತೆಗೆ ವರ್ಷದಲ್ಲಿ ಎರಡು ಸಲ ಬೆಳಕಿನ ಕಾಲ ಬರುತ್ತದೆ. ದೀಪಾವಳಿಗೆ ನಮ್ಮಂಥ ನಾಲ್ಕಾರು ಮನೆಗಳ ಅಂಗಳದಲ್ಲಿ ಗೂಡುದೀಪ ಏರುತ್ತದೆ. ಅದು ಇಳಿಯುವ ಹೊತ್ತಿಗೆ ಕ್ರೈಸ್ತರ ಮನೆಗಳ ಮಾಡಿನಂಚಿನಲ್ಲಿ ನಕ್ಷತ್ರ ಕಾಣಿಸಿಕೊಳ್ಳುತ್ತದೆ, ಗೋದಲಿ ಕಟ್ಟುವ ಕೆಲಸ ಶುರುವಾಗುತ್ತದೆ, ಅಡುಗೆಮನೆಗಳಿಂದ ಕ್ರಿಸ್ಮಸ್ ತಿಂಡಿ ಕುಸ್ವಾರಿನ ಪರಿಮಳ ಬರುತ್ತದೆ. ಊರು ಬಿಟ್ಟವರು ಬೆಂಗಳೂರಿನಿಂದಲೋ ಮುಂಬೈಯಿಂದಲೋ ಗಲ್ಫಿನಿಂದಲೋ ಮನೆಗೆ ಬರುವುದೂ ಆಗಲೇ. ಮನೆ ಸಿಂಗರಿಸುವುದು, ಬರುವವರನ್ನು ಕ್ಷೇಮವಾಗಿ ಮನೆ ಮುಟ್ಟಿಸುವುದು, ಈ ಎರಡೂ ಕೆಲಸ ಒಂದೇ ವಾರದಲ್ಲಿ ಬೀಳುತ್ತವೆ. ಒಂದು ದೀಪಾವಳಿಗೆ ನಾನು ಮೊದಲನೆಯದರಲ್ಲಿ ಮುಳುಗಿ ಎರಡನೆಯದನ್ನು ಕೆಡಿಸಿಬಿಟ್ಟೆ. ಬರೆಯಬೇಕು ಅಂತ ಬಹಳ ಕಾಲದಿಂದ ಮನಸ್ಸಿನಲ್ಲಿತ್ತು. ನಾಚಿಕೆ ತಡೆಯುತ್ತಿತ್ತು.

ಪಂಪ್‌ವೆಲ್ ಮೇಲ್ಸೇತುವೆ ಇನ್ನೂ ಮುಗಿಯದಿದ್ದ ದಿನಗಳು. ಅಮ್ಮ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಹಬ್ಬಕ್ಕೆ ತಂಗಿ, ಅವಳ ಸಣ್ಣ ಮಗ, ಅಮ್ಮ ಮೂವರೂ ಬರುವುದೆಂದಾಯಿತು. ಟಿಕೆಟ್ ಮಾಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಆ ಕಾಲದಲ್ಲಿ ರೈಲಿನ ಬುಕಿಂಗ್ 120 ದಿನ ಮುಂಚೆ ತೆರೆಯುತ್ತಿತ್ತು. ನಾನು ಪುರುಸೊತ್ತು ಮಾಡಿಕೊಂಡು ನೋಡುವಷ್ಟರಲ್ಲಿ ನಾವು ಯಾವಾಗಲೂ ಹಿಡಿಯುವ ಕಣ್ಣೂರಿನ ರಾತ್ರಿ ಗಾಡಿಯಲ್ಲಿ ವೇಯ್ಟಿಂಗ್ ಲಿಸ್ಟ್ ಉದ್ದಕ್ಕೆ ಬೆಳೆದಿತ್ತು. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಹಗಲು ಗಾಡಿಯಲ್ಲಿ ಸೀಟಿತ್ತು. ಈಗ ಅದನ್ನು ಗೋಮಟೇಶ್ವರ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟವನ್ನು, ಅಲ್ಲಿನ 57 ಸುರಂಗಗಳನ್ನು ಹಗಲು ಬೆಳಕಿನಲ್ಲಿ ನೋಡಬಹುದೆಂದು ಅಮ್ಮನಿಗೂ ಖುಷಿಯಾಯಿತು. ಬುಕ್ ಮಾಡಿದೆ, ತಂಗಿಗೆ ಕಳಿಸಿದೆ. ಆಮೇಲೆ ಆ ಟಿಕೆಟನ್ನು ತೆರೆದು ನೋಡಲಿಲ್ಲ.

ತಲೆಯಲ್ಲಿ ಗೂಡುದೀಪ ಕೂತಿತ್ತು. ಅಪ್ಪ ಇದ್ದಷ್ಟು ಕಾಲ ಪ್ರತಿ ವರ್ಷವೂ ಅವರೇ ಕಟ್ಟುತ್ತಿದ್ದರು. ಅವರು ಹೋದ ಮೇಲೆ ಅಂಗಡಿಯಿಂದ ಮಡಚಿದ್ದನ್ನು ತಂದು ಬಿಚ್ಚಿ ತೂಗುಹಾಕುವುದೇ ರೂಢಿಯಾಗಿತ್ತು. ಅಮ್ಮ ಏನೂ ಹೇಳುತ್ತಿರಲಿಲ್ಲ. ಆದರೆ ಒಮ್ಮೆ ತಲೆ ಎತ್ತಿ ನೋಡಿ ಒಳಗೆ ಹೋಗುತ್ತಿದ್ದ ರೀತಿ ನನಗೆ ಗೊತ್ತಿತ್ತು. ಹಿಂದಿನ ವರ್ಷ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಗೂಡುದೀಪ ಸ್ಪರ್ಧೆಗೆ ಹೋಗಿ, ಸಾಲು ಸಾಲಾಗಿ ತೂಗಿದ್ದ ದೀಪಗಳ ನಡುವೆ ನಡೆದು ಬಂದಿದ್ದೆ. ಈ ಸಲ ಅಪ್ಪ ಮಾಡುತ್ತಿದ್ದ ಹಾಗೆಯೇ ಮಾಡಬೇಕು, ಗೇಟು ದಾಟಿದ ಕೂಡಲೇ ಅಮ್ಮನ ಕಣ್ಣಿಗೆ ಅದು ಬೀಳಬೇಕು ಎಂದು ಆಸೆ ಹುಟ್ಟಿತು. ಬಿದಿರು ಸೀಳಿ ಕಡ್ಡಿ ಮಾಡಿದೆ, ಮೈದಾ ಕಾಯಿಸಿ ಅಂಟು ಮಾಡಿದೆ, ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತ ಸೇರಿಸಿದೆ. ಮೊದಲ ಚೌಕಟ್ಟು ಒಂದು ಬದಿಗೆ ವಾಲಿತು. ಎರಡನೆಯದರ ಕಾಗದ ಒಣಗುವಾಗ ಸುಕ್ಕುಗಟ್ಟಿತು. ಆಫೀಸಿನಿಂದ ಬಂದವನು ಊಟ ಮುಗಿಸಿ ಅದರ ಮುಂದೆ ಕೂತರೆ ಏಳುವಾಗ ನಡುರಾತ್ರಿ. ಆ ಕೆಲಸದಲ್ಲಿ ನಿಜವಾದ ಸುಖವಿತ್ತು, ಅದನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಹಬ್ಬದ ಮುನ್ನಾದಿನ ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ರಾತ್ರಿವರೆಗೆ ಡ್ಯೂಟಿ. ಹೊರಡುವಾಗ ಹೇಳಿದಳು: “ಹಂಡೆ ತಿಕ್ಕಿ ಇಟ್ಟಿದ್ದೇನೆ. ಅತ್ತೆ ಬರುವ ಮೊದಲು ನೀರು ತುಂಬಿಸಿಡಿ, ಮರೀಬೇಡಿ.” ಘಟ್ಟದ ಮೇಲಿನ ಓದುಗರಿಗೂ ಇದು ಗೊತ್ತಿರಬಹುದು. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ಹಂಡೆಗೆ ಶೇಡಿಯಲ್ಲಿ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬಿಸುತ್ತಾರೆ. ಮರುದಿನ ನಸುಕಿಗೆ ಆ ನೀರು ಕಾಯಿಸಿಯೇ ಎಣ್ಣೆಸ್ನಾನ. ಅಮ್ಮನ ಪಾಲಿಗೆ ದೀಪಾವಳಿ ಅಂದರೆ ಅದೇ. ಪಟಾಕಿ, ತಿಂಡಿ ಎಲ್ಲ ಆಮೇಲಿನ ಮಾತು. ಆ ಸಂಜೆಗೆ ಸರಿಯಾಗಿ ಮನೆ ಮುಟ್ಟಬೇಕೆಂದೇ ಅವರು ಅದೇ ದಿನ ಹೊರಟಿದ್ದರು.

ಮಧ್ಯಾಹ್ನವೆಲ್ಲ ನಾನು ಏಣಿಯ ಮೇಲಿದ್ದೆ. ಅಂಗಳದ ನಡುವೆ ಗಳ ನೆಟ್ಟು ಗೂಡುದೀಪ ಏರಿಸಿ, ಒಳಗೆ ಬಲ್ಬ್ ಹಾಕಿ, ಅಲ್ಲಿಂದ ದಾಸವಾಳದ ಗಿಡದವರೆಗೆ ಸೀರಿಯಲ್ ಲೈಟ್ ಎಳೆದೆ. ವಯರ್ ಸಾಲದೆ ಹೋದದ್ದಕ್ಕೆ ಇನ್ನೊಂದು ತುಂಡು ಸೇರಿಸಿ, ಜಾಯಿಂಟಿಗೆ ಟೇಪ್ ಸುತ್ತಿ ಗಿಡದ ಬುಡದಲ್ಲಿ ಬಿಟ್ಟೆ. ಎಲ್ಲ ಹೊತ್ತಿಸಿ ನೋಡಿದೆ. ಚೆಂದ ಕಂಡಿತು. ಗಂಟೆ ನೋಡಿದರೆ ರೈಲು ಬರುವ ಹೊತ್ತು. ಹಂಡೆ ನೆನಪಾಯಿತು. ಬಂದ ಮೇಲೆ ಪಂಪು ಹಾಕಿದರೆ ಎಷ್ಟು ಹೊತ್ತಿನ ಕೆಲಸ ಅಂದುಕೊಂಡು ಹೊರಟೆ. ಫೋನನ್ನು ಜಗಲಿಯ ಕಟ್ಟೆಯ ಮೇಲೆಯೇ ಬಿಟ್ಟಿದ್ದು ದಾರಿಯಲ್ಲಿ ಗೊತ್ತಾಯಿತು. ಸ್ಟೇಷನ್ ಇಲ್ಲೇ ಅಲ್ವಾ ಎಂದು ತಿರುಗಿ ಹೋಗಲಿಲ್ಲ.

ಇಲ್ಲೇ ಎಂದದ್ದು ಸೆಂಟ್ರಲ್. ಫಳ್ನೀರಿನವರಿಗೆ ಸ್ಟೇಷನ್ ಅಂದರೆ ಸೆಂಟ್ರಲ್, ನಡೆದೇ ಹೋಗುವಷ್ಟು ಹತ್ತಿರ. ಕಣ್ಣೂರಿನ ಗಾಡಿ ಅಲ್ಲಿಗೇ ಬರುತ್ತದೆ. ಹಗಲಿನ ಗಾಡಿ ಬರುವುದು ಮಂಗಳೂರು ಜಂಕ್ಷನ್ನಿಗೆ, ಊರಿನ ಇನ್ನೊಂದು ತುದಿಯಲ್ಲಿ ಪಡೀಲಿನ ಕಡೆಗೆ. ಟಿಕೆಟಿನಲ್ಲಿ ಅದನ್ನು ಸ್ಪಷ್ಟವಾಗಿಯೇ ಮುದ್ರಿಸಿದ್ದರು. ನಾನು ‘ಮಂಗಳೂರು’ ಎಂಬಷ್ಟನ್ನು ಓದಿ ನಿಲ್ಲಿಸಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಕಾದೆ. ಬೋರ್ಡಿನಲ್ಲಿ ಗಾಡಿಯ ಹೆಸರಿಲ್ಲ. ಮೂಡು ದಿಕ್ಕಿನಿಂದ ಮೋಡ ಕವಿದು ಗುಡುಗು ಶುರುವಾಯಿತು. ವಿಚಾರಣೆಯ ಕೌಂಟರಿನಲ್ಲಿದ್ದವರು ತಲೆ ಎತ್ತದೆ ಹೇಳಿದರು: “ಅದು ಇಲ್ಲಿಗೆ ಬರುವುದಿಲ್ಲ. ಜಂಕ್ಷನ್ನಿಗೆ ಆಗಲೇ ಬಂದಾಯ್ತು.”

ಆಟೋ ಹಿಡಿದೆ. ಕಂಕನಾಡಿಯಲ್ಲಿ ಮಳೆ ಸುರಿಯತೊಡಗಿತು. ಪಂಪ್‌ವೆಲ್‌ನಲ್ಲಿ ಹಬ್ಬದ ಜನಸಂದಣಿಗೆ ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದ ಮಾತು ಅಲ್ಲಿ ಕೂತಾಗ ನೆನಪಾಯಿತು: “ನಾನೇ ಬರ್ತೇನೆ. ನೀವು ಆಟೋ ಹತ್ತುವುದು ಬೇಡ.” ನಾಗುರಿ ದಾಟಿ ಜಂಕ್ಷನ್ ಮುಟ್ಟಿದಾಗ ಕತ್ತಲೆ. ಅವರೊಂದಿಗೆ ಇಳಿದಿದ್ದವರೆಲ್ಲ ಹೋಗಿಯಾಗಿತ್ತು. ಅಮ್ಮ ಬೆಂಚಿನ ಮೇಲೆ ನೋವಿನ ಕಾಲನ್ನು ಮುಂದಕ್ಕೆ ಚಾಚಿ ಕೂತಿದ್ದರು, ಮಗು ತಂಗಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ತಂಗಿಗೆ ಸಿಟ್ಟು ಬಂದಿತ್ತು. “ಎಷ್ಟು ಸಲ ಫೋನ್ ಮಾಡೋದು ಅಣ್ಣ?” ಎಂದಳು. ಆಟೋ ಹತ್ತಿ ಹೋಗೋಣ ಎಂದು ಅವಳು ಅಮ್ಮನನ್ನು ಒತ್ತಾಯಿಸಿದ್ದಳಂತೆ. ಅಮ್ಮ ಒಪ್ಪಿರಲಿಲ್ಲ. ನನ್ನನ್ನು ನೋಡಿ ಅವರು ಹೇಳಿದ್ದು ಇಷ್ಟೇ: “ನೀನು ಬರ್ತೇನೆ ಹೇಳಿದ್ದೆ ಅಲ್ವಾ, ಹಾಗೆ ಕೂತೆ.” ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಈ ಮಾತನ್ನು ಮರೆಯಲು ಆಗಲಿಲ್ಲ.

ಮನೆಗೆ ಬಂದರೆ ಇಡೀ ಮನೆ ಕತ್ತಲು. ಅಕ್ಕಪಕ್ಕದಲ್ಲಿ ಕರೆಂಟ್ ಇತ್ತು. ಅಂಗಳದಲ್ಲಿ ನೀರು ನಿಂತಿತ್ತು, ಟೇಪ್ ಸುತ್ತಿದ ಜಾಯಿಂಟು ಅದರಲ್ಲಿ ಮುಳುಗಿತ್ತು, ಇಎಲ್‌ಸಿಬಿ ಟ್ರಿಪ್ ಆಗಿತ್ತು. ಎತ್ತಿದರೂ ನಿಲ್ಲಲಿಲ್ಲ. ಗೂಡುದೀಪದ ಕಾಗದ ಕಳಚಿ ಬಿದಿರಿನ ಕಡ್ಡಿಗಳಷ್ಟೇ ಗಳಕ್ಕೆ ಜೋತುಕೊಂಡಿದ್ದವು. ಅಮ್ಮ ಅದನ್ನು ಗಮನಿಸಿದರೋ ಇಲ್ಲವೋ, ಸೀದಾ ಬಚ್ಚಲಿಗೆ ಹೋದರು. ಅಲ್ಲಿಂದ ಸ್ವರ ಬಂತು: “ಎಂತ ಮಗ, ನೀರು ತುಂಬಿಸ್ಲಿಕ್ಕೆ ಆಗ್ಲಿಲ್ವಾ?”

ಪಂಪು ತಿರುಗುವ ಹಾಗಿರಲಿಲ್ಲ. ಪಕ್ಕದ ಮನೆಯ ಬಾಯಮ್ಮ ಎಮರ್ಜೆನ್ಸಿ ಲ್ಯಾಂಪ್ ಹಿಡಿದುಕೊಂಡು ಬಂದರು. ಬಳಕೆ ತಪ್ಪಿದ್ದ ಬಾವಿಯ ರಾಟೆಗೆ ಹಗ್ಗ ಏರಿಸಿ ನಾನು ನೀರು ಸೇದಿದೆ, ತಂಗಿ ಹೊತ್ತು ತಂದು ಸುರಿದಳು. ದಿನವಿಡೀ ರೈಲಿನಲ್ಲಿ ಕೂತು ಬಂದಿದ್ದ ಅಮ್ಮ ನೆಲಕ್ಕೆ ಕೂರಲಾಗದೆ ಬಗ್ಗಿ ನಿಂತು ಹಂಡೆಗೆ ಶೇಡಿ ಎಳೆದರು. ಅವರನ್ನು ಹಾಗೆ ನೋಡಿದಾಗ ಆದ ನೋವು ದೊಡ್ಡದು. ಅಮ್ಮನಿಗಾಗಿ ಎಂದುಕೊಂಡು ಮಾಡಿದ್ದರಲ್ಲಿ ಅವರು ಕೇಳಿದ್ದ ಒಂದೂ ಇರಲಿಲ್ಲ. ಕಾಣಿಸುವ ಕೆಲಸ ನನ್ನನ್ನು ಎಳೆದುಕೊಂಡು ಹೋಗಿತ್ತು. ಕಾಣಿಸದ ಎರಡು ಸಣ್ಣ ಕೆಲಸಗಳನ್ನು, ಟಿಕೆಟ್ ಓದುವುದನ್ನೂ ಹಂಡೆ ತುಂಬಿಸುವುದನ್ನೂ, ಆಮೇಲೆ ಆಯಿತು ಎಂದು ಬಿಟ್ಟಿದ್ದೆ.

ವಯರಿನ ವಿಷಯ ಎಲೆಕ್ಟ್ರಿಷಿಯನ್ ಬಂದ ಮೇಲೆ ಪೂರ್ತಿ ಅರ್ಥವಾಯಿತು. ಇಎಲ್‌ಸಿಬಿ ಎಂದೇ ನಾವು ಕರೆಯುವ, ಈಗಿನ ಮನೆಗಳಲ್ಲಿ ಇರುವ ಆರ್‌ಸಿಸಿಬಿ, ಹೋದ ಕರೆಂಟೂ ಮರಳಿ ಬಂದ ಕರೆಂಟೂ ಸಮ ಇದೆಯೇ ಎಂದು ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ನೆಲಕ್ಕೆ ಸೋರಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಡಿಯುತ್ತದೆ. ಅದು ಇಲ್ಲದ ಹಳೆಯ ಹಂಚಿನ ಮನೆಗಳು ಫಳ್ನೀರಿನಲ್ಲಿ ಇನ್ನೂ ಇವೆ. ನಮ್ಮಲ್ಲೂ ಇಲ್ಲದಿದ್ದರೆ, ನಿದ್ದೆಗಣ್ಣಿನ ಆ ಮಗು ಆಟೋದಿಂದ ಇಳಿದು ಕಾಲಿಡುತ್ತಿದ್ದದ್ದು ಕರೆಂಟ್ ಹರಿಯುವ ಆ ನೀರಿಗೆ. ಇದನ್ನು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ. ಕ್ರಿಸ್ಮಸ್ ಹೊತ್ತಿಗೆ ನಮ್ಮಲ್ಲಿ ಮಳೆ ಸಾಮಾನ್ಯವಾಗಿ ಹಿಂದೆ ಸರಿದಿರುತ್ತದೆ, ನಕ್ಷತ್ರ ಹೊರಗೆ ತೂಗಬಹುದು. ದೀಪಾವಳಿ ಬೀಳುವುದು ಹಿಂಗಾರಿನ ಗುಡುಗುಮಳೆಯ ನಡುವೆ. ಸಂಜೆ ಮಳೆ ಬರುತ್ತದೆ ಎಂದೇ ತಿಳಿದು ಕೆಲಸ ಮಾಡಬೇಕು. ಈಗ ನಾನು ಕಾಗದದ ಗೂಡುದೀಪವನ್ನು ಜಗಲಿಯ ಮಾಡಿನ ಕೆಳಗೇ ತೂಗುಹಾಕುತ್ತೇನೆ. ಒಳಗೆ ಕಾಗದ ಬಿಸಿಯಾಗದ ಸಣ್ಣ ಎಲ್‌ಇಡಿ. ಅಂಗಳಕ್ಕೆ ಕರೆಂಟ್ ಎಳೆಯುವುದಿಲ್ಲ, ಅಲ್ಲಿಗೆ ಹಣತೆ ಸಾಕು. ಹೊರಗೆ ಸೀರಿಯಲ್ ಲೈಟ್ ಬೇಕೇ ಬೇಕು ಅನ್ನುವವರು ಜಾಯಿಂಟ್ ಇಲ್ಲದ, ಹೊರಾಂಗಣಕ್ಕೆಂದೇ ಮಾಡಿದ್ದನ್ನು ಕೊಂಡು, ಪ್ಲಗ್ಗನ್ನು ಮಾಡಿನ ಒಳಗೆ, ನೆಲದಿಂದ ಮೇಲೆ ಇಡಬೇಕು. ಏಣಿಯ ಕೆಲಸ ಹಬ್ಬದ ಎರಡು ದಿನ ಮೊದಲೇ ಮುಗಿಯಬೇಕು.

ಪ್ರಯಾಣದ ವಿಷಯದಲ್ಲಿ ನನ್ನ ಗುರು ಬಾಯಮ್ಮ. ಅವರ ಮಕ್ಕಳಲ್ಲಿ ಕೆಲವರು ಮುಂಬೈಯಲ್ಲಿ, ಒಬ್ಬ ಗಲ್ಫಿನಲ್ಲಿ. ಕ್ರಿಸ್ಮಸ್ ತಿಂಗಳು ಬಂದರೆ ಅವರ ಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ: ಯಾರು, ಯಾವ ದಿನ, ಯಾವ ಗಾಡಿ, ಯಾವ ಸ್ಟೇಷನ್, ಕರೆತರಲು ಹೋಗುವವರು ಯಾರು, ಅವರಿಗೆ ಆಗದಿದ್ದರೆ ಇನ್ಯಾರು. ಗೋದಲಿಗೆ ಹುಲ್ಲು ತರುವ ಮೊದಲು ಚೀಟಿ ಸಿದ್ಧವಾಗಿರುತ್ತದೆ. ಆ ರಾತ್ರಿ ಅವರು ನನಗೆ ಬುದ್ಧಿ ಹೇಳಲಿಲ್ಲ. ಮಾರನೇ ವರ್ಷ ನಾನೇ ಹೋಗಿ ಆ ಚೀಟಿ ನೋಡಿ ನಕಲು ಮಾಡಿಕೊಂಡು ಬಂದೆ.

ಸ್ಟೇಷನ್ ಎಂಬ ಆ ಒಂದು ಸಾಲು ಮಂಗಳೂರಿನಲ್ಲಿ ಬಹಳ ಮುಖ್ಯ. 1907ರಲ್ಲಿ ರೈಲು ಇಲ್ಲಿಗೆ ಬಂದಾಗ ಈಗಿನ ಸೆಂಟ್ರಲ್ ಹಳಿಯ ಕೊನೆಯಾಗಿತ್ತು. 1998ರಲ್ಲಿ ಕೊಂಕಣ ರೈಲ್ವೆ ತೆರೆದ ಮೇಲೆ ಕೇರಳಕ್ಕೆ ನೇರ ಹೋಗುವ ಗಾಡಿಗಳು ಸೆಂಟ್ರಲ್‌ಗೆ ಬಂದರೆ ಎಂಜಿನ್ ತಿರುಗಿಸಿ ಹೊರಡಬೇಕು. ಹಾಗಾಗಿ ನೇತ್ರಾವತಿ, ಮಂಗಳಾದಂಥವು ಜಂಕ್ಷನ್ನಿನಲ್ಲೇ ನಿಂತು ಮುಂದೆ ಹೋಗುತ್ತವೆ. ಮುಂಬೈಯಿಂದ ಬರುವ ಮತ್ಸ್ಯಗಂಧಾ ಸೆಂಟ್ರಲ್‌ಗೆ ಬರುತ್ತದೆ, ಅದೇ ಮುಂಬೈಯ ಸಿಎಸ್‌ಎಂಟಿ ಗಾಡಿ ಜಂಕ್ಷನ್ನಿಗೆ. ಹಳಬರು ಜಂಕ್ಷನ್ನನ್ನು ಈಗಲೂ ಕಂಕನಾಡಿ ಸ್ಟೇಷನ್ ಎನ್ನುತ್ತಾರೆ, ಅದರ ಹಳೆಯ ಹೆಸರೇ ಅದು. ಆದರೆ ಕಂಕನಾಡಿ ಪೇಟೆ ಇರುವುದು ಫಳ್ನೀರಿನ ಮಗ್ಗುಲಲ್ಲಿ. ಹೊಸಬರು ಇದನ್ನು ಕೇಳಿ ಪೇಟೆಯಲ್ಲಿ ಸ್ಟೇಷನ್ ಹುಡುಕಿದರೆ ಆಶ್ಚರ್ಯವಿಲ್ಲ. ಟಿಕೆಟಿನ ಮೇಲೆ ಎಂಎಕ್ಯೂ ಎಂದಿದ್ದರೆ ಸೆಂಟ್ರಲ್, ಎಂಎಜೆಎನ್ ಎಂದಿದ್ದರೆ ಜಂಕ್ಷನ್.

ಬುಕಿಂಗಿನ ಲೆಕ್ಕವೂ ಈಗ ಬದಲಾಗಿದೆ. 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ. ದೀಪಾವಳಿಗೆ ಬರುವವರು ಚೌತಿಯ ಗಡಿಬಿಡಿಯ ಆಸುಪಾಸಿನಲ್ಲೇ ಟಿಕೆಟ್ ನೋಡಬೇಕು. ತತ್ಕಾಲ್ ತೆರೆಯುವುದು ಹಿಂದಿನ ದಿನ, ಎಸಿಗೆ 10 ಗಂಟೆಗೆ, ಉಳಿದದ್ದಕ್ಕೆ 11ಕ್ಕೆ. ಹಬ್ಬದಲ್ಲಿ ಅದನ್ನು ನೆಚ್ಚಿಕೊಂಡು ಮುದುಕರನ್ನು ಹೊರಡಿಸುವುದು ಸರಿಯಲ್ಲ. ಆನ್‌ಲೈನ್ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಯ್ಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ. ಘಟ್ಟದ ಹಳಿಯಲ್ಲಾಗಲಿ ಶಿರಾಡಿ ರಸ್ತೆಯಲ್ಲಾಗಲಿ ಜೋರು ಮಳೆಗೆ ಗುಡ್ಡ ಕುಸಿಯುವುದುಂಟು. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡೂ ಘಟ್ಟಗಳ ರಸ್ತೆ ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ಹಬ್ಬದ ಮುನ್ನಾದಿನಕ್ಕೆ ಬದಲು ಅದಕ್ಕೂ ಒಂದು ದಿನ ಮೊದಲು ಬರುವುದೇ ಲೇಸು. ಘಟ್ಟದ ಉದ್ದಕ್ಕೂ ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಹೇಳಬೇಕಾದದ್ದನ್ನು ಸಕಲೇಶಪುರದ ಮೊದಲೇ ಹೇಳಿ ಮುಗಿಸಿ.

ಆ ದೀಪಾವಳಿಯ ನಸುಕಿಗೆ ಅಮ್ಮ ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸಿದ್ದರು. ನನ್ನ ತಲೆಗೆ ಎಣ್ಣೆ ಹಚ್ಚುವಾಗ ಹಿಂದಿನ ಸಂಜೆಯ ಮಾತೇ ತೆಗೆಯಲಿಲ್ಲ. ಎಣ್ಣೆ ಹಚ್ಚಿ ಮುಗಿದ ಮೇಲೆ ಕೇಳಿದರು: “ಗೂಡುದೀಪ ನೀನೇ ಕಟ್ಟಿದ್ದಾ? ಕಡ್ಡಿ ಅಪ್ಪನ ಹಾಗೆಯೇ ಕಟ್ಟಿದ್ದೀಯಾ.” ನನಗೆ ಉತ್ತರ ಕೊಡಲು ಆಗಲಿಲ್ಲ.

ಈ ಸಲ ನಿಮ್ಮ ಮನೆಗೆ ಹಬ್ಬಕ್ಕೆ ಬರುವವರು ಇದ್ದರೆ, ಏಣಿ ಹತ್ತುವ ಮೊದಲು ಅವರ ಟಿಕೆಟನ್ನು ಒಮ್ಮೆ ಗಟ್ಟಿಯಾಗಿ ಓದಿ. ತಾರೀಕು, ಗಾಡಿ, ಇಳಿಯುವ ಸ್ಟೇಷನ್ ಮೂರನ್ನೂ ಅವರಿಗೆ ಫೋನಿನಲ್ಲಿ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿ. ಮನೆಯಲ್ಲಿ ಇಎಲ್‌ಸಿಬಿ ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ಕೆಲಸ ಮಾಡುತ್ತದೆಯೇ ಎಂದು ನೋಡಿ. ಇಲ್ಲದಿದ್ದರೆ ಹಬ್ಬಕ್ಕೆ ಮೊದಲು ಅದನ್ನು ಹಾಕಿಸಿ.